ಬಳ್ಳಾರಿ ನಾಲೆಯ ನೀರು, ತಿಳಿಯಾದ ಟ್ಯೂಬು

ಬೆಳಗಾವಿಯ ಬಳ್ಳಾರಿ ನಾಲೆ ಅಂದ್ರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ಊರಿನ ಕೊಳಚೆ ಹರಿಯುವುದೇ ಅದರಲ್ಲಿ. ನಮಗೆ ಆ ನೀರೇ ಬೇಕಿತ್ತು. ಎಮ್ಮೆಸ್ಸಿ ಮೈಕ್ರೋಬಯಾಲಜಿಯಲ್ಲಿ ಫೇಜ್ ಹುಡುಕುವ ಪ್ರಾಕ್ಟಿಕಲ್. ಫೇಜ್ ಅಂದ್ರೆ ಬ್ಯಾಕ್ಟೀರಿಯಾಕ್ಕೆ ಅಂಟುವ ವೈರಸ್. ಮನುಷ್ಯರ ಹೊಟ್ಟೆಯ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಇರುವ ಕಡೆ ಅದರ ಫೇಜ್‌ಗಳೂ ಸಿಗುತ್ತವೆ.

ನೀರನ್ನು 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿದೆವು. ಬ್ಯಾಕ್ಟೀರಿಯಾ ಮೇಲುಳಿದವು, ವೈರಸ್ ಕೆಳಗಿಳಿದವು. ಇ. ಕೋಲಿ ಜೊತೆ ಬೆರೆಸಿ, ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಾದ ಅಗಾರ್ ಮೇಲೆ ಸುರಿದಿಟ್ಟ ಪ್ಲೇಟಿನಲ್ಲಿ ಮರುದಿನ ಪ್ಲಾಕ್ ಮೂಡಿದ್ದವು. ಬ್ಯಾಕ್ಟೀರಿಯಾದ ಮಬ್ಬು ಪದರದ ನಡುವೆ, ಫೇಜ್ ಅವನ್ನು ಒಡೆದ ಕಡೆ, ಸಣ್ಣ ಸಣ್ಣ ತಿಳಿ ಚುಕ್ಕೆಗಳು.

ಅದೇ ಫೇಜನ್ನು ಬೆಳೆಸಿಕೊಂಡು ಇ. ಕೋಲಿ ಬೆಳೆದ ತಾಜಾ ಕಲ್ಚರ್ ಟ್ಯೂಬಿಗೆ ಹಾಕಿದ ದಿನ ನನಗೆ ಕಣ್ಣು ಕೀಳಲಾಗಲಿಲ್ಲ. ಎಷ್ಟೋ ಹೊತ್ತು ಏನೂ ಇಲ್ಲ, ಅದೇ ಮಬ್ಬು. ಆಮೇಲೆ ನೋಡನೋಡುತ್ತಲೇ ತಿಳಿಯಾಯಿತು. ಮೆಲ್ಲಗೆ ಓರೆ ಮಾಡಿದರೆ ಒಳಗೆ ಎಳೆಎಳೆಯಾಗಿ ಒಡೆದ ಕೋಶಗಳ ಅವಶೇಷ.

ವೈರಸ್ ತುಂಬಿ ತುಂಬಿ ಕೋಶ ಬಿರಿಯುತ್ತದೆ ಅಂತ ಸುಮಾರು ಜನ ಅಂದ್ಕೊಂಡಿರ್ತಾರೆ. ಹಾಗಲ್ಲ, ಅದಕ್ಕೊಂದು ಗಡಿಯಾರವಿದೆ. ಇ. ಕೋಲಿಯನ್ನೇ ಹಿಡಿಯುವ ಲ್ಯಾಂಬ್ಡಾ ಎಂಬ ಫೇಜ್‌ನಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ನೋಡಿದ್ದಾರೆ. ಹೋಲಿನ್ ಎಂಬ ಪ್ರೋಟೀನ್ ಕೋಶದ ಒಳಪೊರೆಯಲ್ಲಿ ಸುಮ್ನೆ ಸೇರುತ್ತಾ ಹೋಗುತ್ತದೆ. ಅಲ್ಲಿಯವರೆಗೂ ಕೋಶಕ್ಕೆ ಏನೂ ತೊಂದರೆಯಿಲ್ಲ, ವೈರಸ್ ತಯಾರಿ ನಡೆದೇ ಇರುತ್ತದೆ. ಹೊತ್ತು ಬಂದಾಗ ಹೋಲಿನ್‌ಗಳು ಒಮ್ಮೆಲೇ ಒಟ್ಟುಗೂಡಿ ಪೊರೆಗೆ ದೊಡ್ಡ ತೂತು ಹಾಕುತ್ತವೆ. ಒಳಗೆ ಕಾಯುತ್ತಿದ್ದ ಎಂಡೋಲೈಸಿನ್ ಎಂಬ ಕಿಣ್ವ ಅದರಲ್ಲಿ ನುಗ್ಗಿ ಕೋಶದ ಗೋಡೆಯನ್ನು ಕತ್ತರಿಸುತ್ತದೆ. ಉಳಿದ ಹೊರಪೊರೆಯನ್ನು ತೆರೆಯುವುದು ಸ್ಪ್ಯಾನಿನ್ ಎಂಬ ಇನ್ನೊಂದು ಬಗೆಯ ಪ್ರೋಟೀನ್. ಹೋಲಿನ್‌ನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಈ ಹೊತ್ತು ಹಿಂದೆಮುಂದೆ ಆಗಬಹುದು. ಕೋಶ ಬೇಗ ಒಡೆದರೆ ಮರಿ ವೈರಸ್ ಕಮ್ಮಿ. ತಡವಾದರೆ ಮುಂದಿನ ಕೋಶ ಹಿಡಿಯುವುದೂ ತಡ. ಈ ಲೆಕ್ಕಾಚಾರವೇ ನನಗೆ ಅತಿ ಸೋಜಿಗ.

ಲ್ಯಾಬಿನ ಕಾಕಾ ಟ್ಯೂಬು ನೋಡಿ, ‘ಇದು ಔಷಧಕ್ಕ ಬರ್ತದೇನವ್ವಾ?’ ಅಂದರು.

‘ಬರ್ತದ ಕಾಕಾ’ ಅಂದೆ. ಜಾರ್ಜಿಯಾದ ಟಿಬಿಲಿಸಿಯಲ್ಲಿ 1923ರಲ್ಲಿ ಶುರುವಾದ ಎಲಿಯಾವಾ ಸಂಸ್ಥೆಯ ಬಗ್ಗೆ ಹೇಳಿದೆ, ಅಲ್ಲಿ ಈಗಲೂ ಫೇಜ್ ಚಿಕಿತ್ಸೆ ಇದೆ. ಕೀವು ಮಾಡುವ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾಕ್ಕೆ ಹೊರಪೊರೆಯೇ ಇಲ್ಲ, ಹಾಗಾಗಿ ಬರೀ ಎಂಡೋಲೈಸಿನ್ ಅನ್ನು ಹೊರಗಿನಿಂದ ಹಾಕಿದರೂ ಅದು ಒಡೆಯುತ್ತದೆ ಅಂತಲೂ ಹೇಳಿದೆ.

‘ಹಂಗಾದ್ರ ನಾಲಾದ ನೀರು ಚೆಲ್ಲಬ್ಯಾಡ’ ಅಂದ ಕಾಕಾ, ಬಾಟಲಿಯನ್ನು ತಾವೇ ಫ್ರಿಜ್ಜಿನಲ್ಲಿಟ್ಟರು.