ಹಳೇ ಚೈನ್‌ಸಾ, ಒಂದು ಸ್ಟಾಪ್‌ವಾಚು

ನನ್ನ ಕೆಲಸದ ಬೆಂಚಿನ ಮೇಲೆ ಒಂದು ಪಿಸ್ಟನ್ ಇದೆ. ಸೈಲೆನ್ಸರ್ ಕಡೆಯ ಮೈಮೇಲೆ ಉದ್ದುದ್ದ ಗೀರು, ರಿಂಗು ತನ್ನ ಕಚ್ಚಿನಲ್ಲೇ ಅಂಟಿಕೊಂಡಿದೆ. ಅದನ್ನು ಕೊಂದವನು ನಾನೇ. ಮರ ಕೊಯ್ಯುವ ಒಂದು ಹಳೇ ಚೈನ್‌ಸಾದ ಸೈಲೆನ್ಸರ್‌ಗೆ ಎರಡು ತೂತು ಕೊರೆದಿದ್ದೆ. ಸದ್ದು ಜೋರಾಯಿತು, ಸ್ಪೀಡೂ ಜೋರಾಯಿತು ಅಂತ ಕಂಡವರಿಗೆಲ್ಲ ಹೇಳಿಕೊಂಡು ಓಡಾಡಿದೆ. ಹದಿನೈದೇ ದಿನಕ್ಕೆ ಇಂಜಿನ್ ಸೀಜ್, ಪಿಸ್ಟನ್ ಒಳಗೇ ಕಚ್ಚಿಕೊಂಡು ನಿಂತಿತು. ಸಾಯುವ ಮುಂಚೆ ಅದು ಎಷ್ಟು ಚೆನ್ನಾಗಿ ಹಾಡುತ್ತಿತ್ತು ಅಂದ್ರೆ, ಒಂದು ಚೂರೂ ತೊದಲದೆ, ಸೀಟಿ ಊದಿದ ಹಾಗೆ. ಅದೇ ಸಾವಿನ ಸದ್ದು ಅಂತ ಆಗ ಗೊತ್ತಿರಲಿಲ್ಲ.

ಆಗಿದ್ದು ಇಷ್ಟೇ. ಹೊಗೆ ಸಲೀಸಾಗಿ ಹೊರಗೆ ಹೋದರೆ ಇಂಜಿನ್ ಒಳಗೆ ಗಾಳಿಯೂ ಜಾಸ್ತಿ ಬರುತ್ತೆ. ಗಾಳಿ ಜಾಸ್ತಿಯಾದ ಮೇಲೆ ಪೆಟ್ರೋಲನ್ನೂ ಜಾಸ್ತಿ ಮಾಡಬೇಕು ಅಲ್ವಾ? ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್‌ನ ಎಚ್ ಸ್ಕ್ರೂ ಇರುವುದೇ ಅದಕ್ಕೆ. ನಾನು ಅದನ್ನು ಮುಟ್ಟಲೇ ಇಲ್ಲ. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಬರುವುದು ಪೆಟ್ರೋಲ್ ಜೊತೆಗೇ, ಹಾಗಾಗಿ ಪೆಟ್ರೋಲ್ ಸಾಲದೆ ಹೋದರೆ ಬಿಸಿಯೂ ಏರುತ್ತೆ, ಆಯಿಲೂ ಕಮ್ಮಿಯಾಗುತ್ತೆ. ಎರಡೂ ಸೇರಿ ಪಿಸ್ಟನ್ನನ್ನು ತಿಂದು ಹಾಕಿದವು.

ಇದಾದ ಮೇಲೆ ಇನ್ನೊಂದು ಹಳೇ ಮಷೀನು ಕೈಗೆ ಬಂತು. ಹಸ್ಕ್ವಾರ್ನಾ 61. ಬೋರು, ಅಂದರೆ ಸಿಲಿಂಡರಿನ ಒಳ ಅಗಲ, 48 ಮಿಮೀ; ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 34 ಮಿಮೀ; ಲೆಕ್ಕ ಹಾಕಿದರೆ 61.5 ಸಿಸಿ. ಇದೇ ಮನೆತನದ ದೊಡ್ಡಣ್ಣ 272ರಲ್ಲೂ ಸ್ಟ್ರೋಕ್ 34 ಮಿಮೀಯೇ. ಬೋರು ಮಾತ್ರ 52 ಆಗಿ 72 ಸಿಸಿ ದಾಟುತ್ತೆ, ಅದಕ್ಕೇ ಬಹಳ ಜನ 61ಕ್ಕೆ ಆ ಸಿಲಿಂಡರ್ ಕೂರಿಸಿ ಕೆಲಸ ಮುಗಿಸುತ್ತಾರೆ. ಅದು ಸುಲಭದ ದಾರಿ, ಬುದ್ಧಿವಂತರ ದಾರಿಯೂ ಹೌದು. ನನಗೆ ಇದ್ದ ಸಿಲಿಂಡರಿನಿಂದಲೇ ಎಷ್ಟು ಹಿಂಡಬಹುದು ಅಂತ ನೋಡುವ ಹಟ. ಈ ಸಲ ಕಿವಿಯನ್ನು ನಂಬಬಾರದು, ಸ್ಟಾಪ್‌ವಾಚನ್ನು ಮಾತ್ರ ನಂಬಬೇಕು ಅಂತ ತೀರ್ಮಾನ ಮಾಡಿಕೊಂಡು ಒಂದು ಭಾನುವಾರ ಬೆಳಗ್ಗೆ ಬೇಗ ಶುರು ಮಾಡಿದೆ.

ಮೊದಲು ಲೀಕ್ ಟೆಸ್ಟ್. ಸೈಲೆನ್ಸರ್ ಬಾಯಿಗೆ ಸೈಕಲ್ ಟ್ಯೂಬಿನ ತುಂಡು ಒತ್ತಿ ಬೋಲ್ಟ್ ಹಾಕಿದೆ. ಕಾರ್ಬೊರೇಟರ್ ಕಡೆಯನ್ನೂ ಹಾಗೇ ಮುಚ್ಚಿದೆ. ಪಿಸ್ಟನ್ನನ್ನು ಕೆಳಗಿಳಿಸಿ ಪ್ಲಗ್ ತೂತಿನಿಂದ ಅರ್ಧ ಬಾರ್ ಗಾಳಿ ತುಂಬಿದೆ. ಗೇಜಿನ ಮುಳ್ಳು ನಿಲ್ಲಲಿಲ್ಲ, ನಿಧಾನಕ್ಕೆ ಇಳಿಯತೊಡಗಿತು. ಸೋಪಿನ ನೀರು ಸವರಿಕೊಂಡು ಹುಡುಕಿದರೆ ಫ್ಲೈವೀಲ್ ಹಿಂದಿನ ಆಯಿಲ್ ಸೀಲ್‌ನಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತಿತ್ತು. ಮಷೀನನ್ನು ಪಕ್ಕಕ್ಕೆ ವಾಲಿಸಿದರೆ ಐಡಲ್ ತಾನಾಗೇ ಏರುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು. ಕಾರ್ಬೊರೇಟರ್ ಅಳೆದು ಕೊಡುವ ಗಾಳಿಯ ಜೊತೆ ಇಲ್ಲಿಂದ ಕಳ್ಳಗಾಳಿ ಬರುತ್ತಿತ್ತು. ಇಂಥ ಮಷೀನಿಗೆ ಸೈಲೆನ್ಸರ್ ಕೊರೆಯುವುದು ಅಂದರೆ ಸೋರುವ ಮಾಡಿಗೆ ಬಣ್ಣ ಹೊಡೆದ ಹಾಗೆ. ಸೀಲ್ ಬದಲಾಯಿಸಿದೆ. ಮತ್ತೆ ಗಾಳಿ ತುಂಬಿದರೆ ಮುಳ್ಳು ಅಲ್ಲಾಡಲಿಲ್ಲ. ಗಾಳಿ ಹೀರಿ ಕೂಡ ಒಂದು ಸಲ ಪರೀಕ್ಷೆ ಮಾಡಿದೆ, ಯಾಕೆಂದರೆ ಒತ್ತಡಕ್ಕೆ ಮುಚ್ಚಿಕೊಳ್ಳುವ ಸೀಲ್‌ನ ತುಟಿ ಕೆಲವು ಸಲ ಹೀರಿದಾಗ ಬಾಯಿ ಬಿಡುತ್ತೆ.

ಆಮೇಲೆ ಮೊದಲ ಲೆಕ್ಕ. ಸುಮಾರು 35 ಸೆಂಮೀ ದಪ್ಪದ ಒಣಗಿದ ಗಟ್ಟಿ ದಿಮ್ಮಿ, ಮೂರು ಕೊಯ್ತ, ಮೂರರ ಸರಾಸರಿ. ಕೈಯಿಂದ ಒತ್ತುವ ಹಾಗಿಲ್ಲ, ಮಷೀನು ತನ್ನ ಭಾರಕ್ಕೇ ಇಳಿಯಬೇಕು. 14.2 ಸೆಕೆಂಡು. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದೆ.

ಈಗ ಸೈಲೆನ್ಸರ್. ಒಂದು ಹಳೇ ಮುಚ್ಚಳ ಬಿಡಿಯಾಗಿ ಇತ್ತು, ಕೊರೆದದ್ದು ಅದಕ್ಕೇ. ಒರಿಜಿನಲ್ ಹಾಗೇ ಉಳಿಯಿತು, ಅದು ಆಮೇಲೆ ನನ್ನ ಮಾನ ಉಳಿಸಿತು. ಹೊರದಾರಿ ಎಲ್ಲ ಸೇರಿ ಎಕ್ಸಾಸ್ಟ್ ಪೋರ್ಟಿನ, ಅಂದರೆ ಸಿಲಿಂಡರಿನಿಂದ ಹೊಗೆ ಹೊರಬೀಳುವ ಕಿಂಡಿಯ, ಮುಕ್ಕಾಲು ಪಾಲು ಇದ್ದರೆ ಸಾಕು ಅನ್ನುವುದು ನಾನು ಇಟ್ಟುಕೊಂಡ ಲೆಕ್ಕ. ಕಿಡಿ ತಡೆಯುವ ಜಾಲರಿಯನ್ನು ವಾಪಸ್ ಹಾಕಿದೆ. ತುಂಬಾ ಜನ ಅದನ್ನು ಕಿತ್ತು ಬಿಸಾಕುತ್ತಾರೆ. ಒಣಗಿದ ಎಲೆ ಮೇಲೆ ನಿಂತು ಕೆಲಸ ಮಾಡುವವರು ಹಾಗೆ ಮಾಡಬಾರದು.

ಸ್ಟಾರ್ಟ್ ಮಾಡಿ ರೇಸ್ ಕೊಟ್ಟೆ. ಅಬ್ಬಾ, ಏನು ಸದ್ದು! ದಿಮ್ಮಿಗೆ ಇಟ್ಟರೆ ಬೆಣ್ಣೆ ಕೊಯ್ದ ಹಾಗೆ ಅನ್ನಿಸಿತು. ಕಮ್ಮಿ ಅಂದರೂ ಮೂರು ಸೆಕೆಂಡು ಉಳಿದಿರಬೇಕು ಅಂದುಕೊಂಡು ನೋಡಿದರೆ 13.9. ಬರೀ 0.3 ಸೆಕೆಂಡು! ಜೋರು ಸದ್ದನ್ನು ಕಿವಿ ಸ್ಪೀಡು ಅಂತ ಓದಿಕೊಂಡುಬಿಡುತ್ತೆ. ಹಳೇ ಪಿಸ್ಟನ್ ಸತ್ತದ್ದೂ ಇದೇ ಮೋಸದಿಂದ.

ಪ್ಲಗ್ ವೈರಿಗೆ ಇಂಜಿನ್ನಿನ ಸುತ್ತು ಎಣಿಸುವ ಟ್ಯಾಕೋಮೀಟರ್ ತಂತಿ ಸುತ್ತಿ ನೋಡಿದೆ. ಲೋಡ್ ಇಲ್ಲದೆ ನಿಮಿಷಕ್ಕೆ 13,000 ಸುತ್ತು ದಾಟಿ ಮೇಲೆ ಹತ್ತುತ್ತಿತ್ತು. ಪ್ಲಗ್ಗಿಗೆ ಕಿಡಿ ಕೊಡುವ ಈ ಹಳೇ ಕಾಯಿಲ್‌ನಲ್ಲಿ ಇಂಜಿನ್ನನ್ನು ತಡೆದು ನಿಲ್ಲಿಸುವ ಲಿಮಿಟರ್ ಏನೂ ಇಲ್ಲ. ಎಚ್ ಸ್ಕ್ರೂ ಸ್ವಲ್ಪ ಸ್ವಲ್ಪ ಬಿಚ್ಚುತ್ತಾ ಹೋದೆ, ಕಾಲು ಸುತ್ತಿನ ಹತ್ತಿರ ಬಂದಾಗ ಸೀಟಿ ಹೋಗಿ ಸದ್ದು ತೊದಲತೊಡಗಿತು, ಬರ್ರ್‌ಬರ್ರ್ ಅಂತ, ಬಾಯಲ್ಲಿ ನೀರು ಇಟ್ಟುಕೊಂಡು ಮಾತಾಡಿದ ಹಾಗೆ. ಇದಕ್ಕೆ ಫೋರ್ ಸ್ಟ್ರೋಕಿಂಗ್ ಅಂತಾರೆ. ಪೆಟ್ರೋಲ್ ಜಾಸ್ತಿಯಿರುವುದರಿಂದ ಪ್ರತಿ ಸುತ್ತಿಗೂ ಬೆಂಕಿ ಹತ್ತುವುದಿಲ್ಲ, ಸುತ್ತು ಬಿಟ್ಟು ಸುತ್ತು ಹತ್ತುತ್ತೆ. ಅದೇ ಮಷೀನನ್ನು ಮರಕ್ಕೆ ಇಟ್ಟು ಲೋಡ್ ಬಿದ್ದರೆ ತೊದಲು ಮಾಯವಾಗಿ ಸದ್ದು ಸ್ವಚ್ಛವಾಗಬೇಕು. ಮೇಲೆತ್ತಿದರೆ ಮತ್ತೆ ತೊದಲಬೇಕು. 12,500ಕ್ಕೆ ನಿಲ್ಲಿಸಿದೆ. ಕೇಳುವುದಕ್ಕೆ ಮೊದಲಿಗಿಂತ ಕೆಟ್ಟದಾಗಿತ್ತು. ಕೊಯ್ತ 13.1ಕ್ಕೆ ಇಳಿಯಿತು.

ಮಧ್ಯಾಹ್ನ ಸಿಲಿಂಡರ್ ಬಿಚ್ಚಿದೆ. ಬಿಚ್ಚುವ ಮೊದಲೇ ಪ್ಲಗ್ ತೂತಿನಿಂದ ಮೆತ್ತನೆ ಸೋಲ್ಡರ್ ತಂತಿ ಇಳಿಸಿ, ಅದರ ತುದಿ ಸಿಲಿಂಡರ್ ಗೋಡೆಗೆ ತಾಗುವ ಹಾಗೆ ಹಿಡಿದು, ಫ್ಲೈವೀಲನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ್ದೆ. ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಗಜನ್ ಪಿನ್ನಿನ ಎರಡೂ ತುದಿಯ ಕಡೆ ಅಳೆಯಬೇಕು. ಬೇರೆ ಕಡೆ ಅಳೆದರೆ ಪಿಸ್ಟನ್ ತೂಗಾಡಿ ಸುಳ್ಳು ಲೆಕ್ಕ ಬರುತ್ತೆ. ಚಪ್ಪಟೆಯಾದ ತಂತಿಯ ದಪ್ಪ ಸುಮಾರು 1 ಮಿಮೀ ಇತ್ತು. ಅಂದರೆ ಪಿಸ್ಟನ್ ತುದಿ ಮುಟ್ಟಿದಾಗಲೂ ಮೇಲೆ ಅಷ್ಟು ಜಾಗ ಖಾಲಿ. ಆ ಜಾಗ ಕಮ್ಮಿಯಾದಷ್ಟೂ ಒಳಗಿನ ಗಾಳಿ-ಪೆಟ್ರೋಲ್ ಬಿಗಿಯಾಗಿ ಅದುಮಿಕೊಳ್ಳುತ್ತೆ, ಅದೇ ಕಂಪ್ರೆಶನ್, ಅದು ಏರಿದರೆ ಬಲವೂ ಏರುತ್ತೆ. ಸಿಲಿಂಡರಿನ ಬುಡದ ಗ್ಯಾಸ್ಕೆಟ್ ಅರ್ಧ ಮಿಮೀ. ಗ್ಯಾಸ್ಕೆಟ್ ತೆಗೆದು ಪೆಟ್ರೋಲಿಗೆ ಕರಗದ ಸೀಲೆಂಟ್ ಸವರಿ ಕೂರಿಸಿದರೆ ಉಳಿಯುವುದು ಅರ್ಧ ಮಿಮೀ. ಅದಕ್ಕಿಂತ ಕೆಳಗೆ ಹೋಗುವ ಧೈರ್ಯ ನನಗಿಲ್ಲ. ಬಿಸಿಯಾಗಿ ಪೂರ್ತಿ ಸ್ಪೀಡಿನಲ್ಲಿ ಓಡುವಾಗ ಲೋಹ ಹಿಗ್ಗುತ್ತೆ, ಪಿಸ್ಟನ್ ಹೋಗಿ ಸಿಲಿಂಡರಿನ ಮಾಡಿಗೆ ಬಡಿದರೆ ಮುಗಿಯಿತು.

ಆದರೆ ಸಿಲಿಂಡರ್ ಅರ್ಧ ಮಿಮೀ ಇಳಿದರೆ ಪೋರ್ಟುಗಳೂ ಅಷ್ಟೇ ಇಳಿಯುತ್ತವೆ. ರಟ್ಟಿನ ಮೇಲೆ 360 ಡಿಗ್ರಿಯ ಚಕ್ರ ಅಂಟಿಸಿ, ಕ್ರ್ಯಾಂಕಿಗೆ ಸಿಕ್ಕಿಸಿ, ಬಾಗಿಸಿದ ತಂತಿಯನ್ನೇ ಮುಳ್ಳು ಮಾಡಿಕೊಂಡು ನೋಡಿದೆ. ಎಕ್ಸಾಸ್ಟ್ ಸುಮಾರು 2 ಡಿಗ್ರಿ ತಡವಾಗಿ ತೆರೆಯುತ್ತಿತ್ತು. ಮುಚ್ಚುವುದೂ ಅಷ್ಟೇ ಬೇಗ. ಅದನ್ನು ಸರಿಮಾಡಲು ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು ಅರ್ಧ ಮಿಮೀ ಅರೆಯಬೇಕು. ಕೇಳೋಕೆ ಏನೂ ಅಲ್ಲ ಅನ್ನಿಸುತ್ತೆ. ಮಾರ್ಕರ್‌ನಿಂದ ಅಂಚಿಗೆ ಬಣ್ಣ ಬಳಿದು, ಗೀರು ಹಾಕಿ, ಸಣ್ಣ ಡೈಮಂಡ್ ಬಿಟ್ ಹಿಡಿದು ಕೂತರೆ ಎರಡು ಗಂಟೆ ಹೋಯಿತು. ಗೋಡೆಯ ಲೇಪನ ಎದ್ದುಬಿಟ್ಟರೆ ಸಿಲಿಂಡರ್ ಗುಜರಿಗೆ. ಪೋರ್ಟನ್ನು ಅಗಲ ಮಾಡುವ ಆಸೆಯೂ ಆಯಿತು, ಮಾಡಲಿಲ್ಲ. ತೀರಾ ಅಗಲವಾದರೆ ರಿಂಗು ಅದರೊಳಗೆ ಉಬ್ಬಿ ಅಂಚಿಗೆ ಸಿಕ್ಕಿ ಮುರಿಯುತ್ತೆ. ಅರೆದದ್ದು ಮುಗಿದ ಮೇಲೆ ಅಂಚಿನ ಚೂಪು ತೆಗೆದೆ. ಉಗುರು ಆಡಿಸಿದರೆ ಎಲ್ಲೂ ಕಚ್ಚಬಾರದು, ಅದೇ ನನ್ನ ಅಳತೆ.

ಜೋಡಿಸಿ, ಸೀಲೆಂಟ್ ಒಣಗುವ ತನಕ ಕಾದು ಗೇಜ್ ಹಾಕಿದೆ. ಬೆಳಗ್ಗೆ 135 ಪಿಎಸ್‌ಐ ಇದ್ದ ಕಂಪ್ರೆಶನ್ ಈಗ 155. ಹಗ್ಗ ಎಳೆದರೆ ಕೈಯಿಂದ ಕಿತ್ತುಕೊಳ್ಳುವ ಹಾಗೆ ಒದೆಯುತ್ತಿತ್ತು. ಸಂಜೆ ಬೆಳಕು ಕಮ್ಮಿಯಾಗುತ್ತಿತ್ತು, ಎಚ್ ಸ್ಕ್ರೂ ಮತ್ತೆ ಹೊಂದಿಸಿ ಮೂರು ಕೊಯ್ತ ಕೊಯ್ದೆ.

13.6.

ಮತ್ತೆ ಮೂರು ಕೊಯ್ದೆ. 13.7. ಇಡೀ ಮಧ್ಯಾಹ್ನ ಕೂತು ಮಷೀನನ್ನು ಹಾಳು ಮಾಡಿದೆನಲ್ಲ ಅಂತ ದಿಮ್ಮಿ ಮೇಲೆ ಕೂತುಬಿಟ್ಟೆ. ಡಿಗ್ರಿ ತಪ್ಪಿತಾ, ಸೀಲೆಂಟ್ ಸೋರುತ್ತಾ ಇದೆಯಾ, ರಿಂಗು ಮುರಿಯಿತಾ ಅಂತ ತಲೆ ಓಡುತ್ತಿತ್ತು. ಆಗ ಕಣ್ಣು ಕಾಲಿನ ಕೆಳಗೆ ಹೋಯಿತು. ಬೆಳಗ್ಗೆ ಬಿದ್ದ ಗುಡ್ಡೆಯಲ್ಲಿ ಸಣ್ಣ ಸಣ್ಣ ಚಕ್ಕೆಗಳು. ಈಗ ಬಿದ್ದದ್ದು ಹಿಟ್ಟು, ನುಣ್ಣನೆ ಹಿಟ್ಟು.

ಚೈನು ಮೊಂಡಾಗಿತ್ತು! ಬೆಳಗ್ಗೆಯಿಂದ ಮಣ್ಣು ಮೆತ್ತಿದ ತೊಗಟೆ ಮೇಲೆ ಅದೇ ಚೈನು ಓಡಿಸಿದ್ದೆ. ಅದಕ್ಕಿಂತ ನಾಚಿಕೆ ಅಂದರೆ ಶುರು ಮಾಡುವಾಗಲೂ ಅದನ್ನು ಸರಿಯಾಗಿ ಅರ ಹಿಡಿದಿರಲಿಲ್ಲ. ಚೈನಿನ ಹಲ್ಲಿಗೆ ಈಗಿನ ಆಕಾರ ಬರುವುದಕ್ಕೆ ಕಾರಣ ಜೋಸೆಫ್ ಕಾಕ್ಸ್ ಅಂತ ಅಮೆರಿಕದ ಒಬ್ಬ ಮರ ಕಡಿಯುವವನು. ಮರ ಕೊರೆಯುವ ಒಂದು ಹುಳ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಚ್ಚಿಕೊಂಡು ಮುಂದೆ ಹೋಗುವುದನ್ನು 1946ರಲ್ಲಿ ನೋಡಿ ಅವನಿಗೆ ಅದು ಹೊಳೆಯಿತಂತೆ. ಹುಳದ ಬಾಯಿಯ ಕೆಲಸವನ್ನು ಬಿಟ್ಟು ನಾನು ಅದರ ಹೊಟ್ಟೆ ಆಪರೇಷನ್ ಮಾಡಿಕೊಂಡು ಕೂತಿದ್ದೆ.

ದೀಪ ಹಾಕಿಕೊಂಡು 5.5 ಮಿಮೀ ದುಂಡು ಅರದಿಂದ ಪ್ರತಿ ಹಲ್ಲಿಗೂ ಮೂರು ಎಳೆತ, 30 ಡಿಗ್ರಿ ಓರೆಯಲ್ಲಿ. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕು ಅಂತ ತೀರ್ಮಾನಿಸುವ ಮುಂದಿನ ಗುಬುಟುಗಳನ್ನು, ಅಂದರೆ ರೇಕರ್‌ಗಳನ್ನು, ಗೇಜ್ ಇಟ್ಟು ಹಲ್ಲಿಗಿಂತ 0.65 ಮಿಮೀ ಕೆಳಗೆ ತಂದೆ. ಎಷ್ಟೋ ಸಲ ಹಲ್ಲನ್ನು ಮಾತ್ರ ಅರೆದು ರೇಕರ್ ಬಿಟ್ಟಿದ್ದರಿಂದ ಅವು ಹೆಚ್ಚುಕಮ್ಮಿ ಹಲ್ಲಿನ ಮಟ್ಟಕ್ಕೇ ನಿಂತಿದ್ದವು, ಹಲ್ಲು ಮರಕ್ಕೆ ಕಚ್ಚುವುದಾದರೂ ಹೇಗೆ? ಇಷ್ಟಕ್ಕೆ ಇಪ್ಪತ್ತು ನಿಮಿಷ. ಕೊಯ್ತ 10.8.

ಖುಷಿಯಾಗಬೇಕಿತ್ತು. ಆದರೆ ಗೋಡೆ ಮೇಲಿನ ಲೆಕ್ಕವೆಲ್ಲ ಕೆಟ್ಟುಹೋಗಿತ್ತು ಅಲ್ವಾ? ಯಾವ ಸೆಕೆಂಡು ಸೈಲೆನ್ಸರಿನದು, ಯಾವುದು ಪೋರ್ಟಿನದು, ಯಾವುದು ಚೈನಿನದು ಅಂತ ಹೇಳುವುದು ಹೇಗೆ? ಮಾರನೆ ಬೆಳಗ್ಗೆ ಒರಿಜಿನಲ್ ಮುಚ್ಚಳ ಹಾಕಿ, ಎಚ್ ಸ್ಕ್ರೂ ಅದಕ್ಕೆ ತಕ್ಕ ಹಾಗೆ ತಿರುಗಿಸಿ, ಪ್ರತಿ ಸುತ್ತಿಗೂ ಮುಂಚೆ ಚೈನಿಗೆ ಅರ ಹಿಡಿದು ಮತ್ತೆ ಕೊಯ್ದೆ. 11.9. ಕೊರೆದ ಮುಚ್ಚಳಕ್ಕೆ 10.9. ಅಂದರೆ ಸೈಲೆನ್ಸರ್ ಮತ್ತು ಸ್ಕ್ರೂ ಎರಡೂ ಸೇರಿ ಒಂದು ಸೆಕೆಂಡು, ಅದನ್ನು ಧೈರ್ಯವಾಗಿ ಹೇಳಬಲ್ಲೆ. ಗ್ಯಾಸ್ಕೆಟ್ ಮತ್ತು ಪೋರ್ಟಿನ ಪಾಲನ್ನು ಬೇರೆ ಮಾಡುವ ಹಾಗೇ ಇಲ್ಲ. ಅರೆದ ಲೋಹ ವಾಪಸ್ ಬರೋದಿಲ್ಲ.

ಮುಂದಿನ ವಾರ ಗೆಳೆಯನೊಬ್ಬ ಬಂದ. ಮಷೀನ್ ಎತ್ತಿಕೊಂಡು ಪೂರ್ತಿ ರೇಸ್ ಕೊಟ್ಟ. ಬರ್ರ್‌ಬರ್ರ್ ತೊದಲು ಕೇಳಿ ಮುಖ ಹುಳ್ಳಗೆ ಮಾಡಿಕೊಂಡ. "ಇಷ್ಟೆಲ್ಲ ಮಾಡಿ ಸುಮ್ನೆ ಟ್ಯೂನಿಂಗ್ ಬಿಟ್ಟಿದ್ದೀಯಲ್ಲೋ, ಕಾಲು ಸುತ್ತು ಟೈಟ್ ಮಾಡಿದ್ರೆ ಹಾಡುತ್ತೆ ನೋಡು" ಅಂತ ಬೆಂಚಿನ ಮೇಲೆ ಸ್ಕ್ರೂಡ್ರೈವರ್ ಹುಡುಕಿದ. ನಾನು ಅದನ್ನು ತೆಗೆದು ಜೇಬಿಗೆ ಹಾಕಿಕೊಂಡು, ಅವನ ಕೈಗೆ ಗೀರು ಬಿದ್ದ ಪಿಸ್ಟನ್ ಕೊಟ್ಟೆ.