ಸಿಸ್ಟರ್ ಬಾಗಿಲ ಬೆಳಕಲ್ಲಿ ನೋಡಿದ ಹಸಿರು

ಸೀಮಂತ ಮುಗಿಸ್ಕೊಂಡು ತವರಿಗೆ ಬಂದಿದ್ದೆ, ಅರಸೀಕೆರೆ ಕಡೆ ಹಳ್ಳಿ. ಕಾಲು ಊದ್ಕೊಂಡು ಚಪ್ಪಲಿ ಪಟ್ಟಿ ಗುರುತು ಹಾಗೇ ಕೂತ್ಬಿಡೋದು. ಅಮ್ಮ, ಅತ್ತೆ, ಪಕ್ಕದ್ಮನೆ ಅಜ್ಜಿ ಎಲ್ರದ್ದೂ ಒಂದೇ ಮಾತು, ಬಸುರೀಲಿ ಕಾಲು ಊದದೆ ಇರತ್ತಾ ಅಂತ. ನಾನೂ ನಂಬಿದ್ದೆ.

ಸಬ್ ಸೆಂಟರ್ ಸಿಸ್ಟರ್ ಆಶಾ ಅಕ್ಕನ ಜೊತೆ ಮನೆಗೇ ಬಂದ್ರು. ಬಿಪಿ ನೋಡಿ, ಆಮೇಲೆ ಪುಟ್ಟ ಡಬ್ಬಿ ಕೈಗಿಟ್ಟು "ತೊಳ್ಕೊಂಡು ಒಂದಕ್ಕೆ ಹೋಗು, ಶುರೂದು ಬಿಟ್ಟು ನಡುವಿಂದು ಹಿಡಿ" ಅಂದ್ರು. ಜಗಲೀಲಿ ಅಪ್ಪ ಕೂತಿದ್ರು, ನಾಚಿಕೆ ಆಗಿ ಡಬ್ಬಿನ ಸೆರಗಲ್ಲಿ ಮುಚ್ಕೊಂಡು ಹಿತ್ತಲಿಗೆ ಹೋದೆ. ಬಿಳಿ ಸ್ರಾವ ಬೆರೆತ್ರೆ ಮೂತ್ರದಲ್ಲಿ ಇಲ್ದಿರೋ ಅಲ್ಬುಮಿನ್ ಅನ್ನೋ ಪ್ರೋಟೀನ್ ಇದೆ ಅಂತ ತೋರ್ಸತ್ತಂತೆ, ಅದಕ್ಕೇ ತೊಳ್ಕೊ ಅಂದಿದ್ದು.

ಯೂರಿನ್ ಟೆಸ್ಟ್ ಮಾಡೋ ಒಂದು ಸ್ಟ್ರಿಪ್ ತೆಗೆದು ಬಾಟ್ಲಿ ಮುಚ್ಚಳ ತಕ್ಷಣ ಬಿಗಿ ಮಾಡಿದ್ರು, ಒಳಗೆ ತೇವ ಸೇರಿದ್ರೆ ಮಿಕ್ಕಿದ್ದೂ ಹಾಳು. ಅದ್ದಿ, ಡಬ್ಬಿ ಅಂಚಿಗೆ ಒರೆಸಿ, ಒಳಗೆ ಬಣ್ಣ ಸರಿ ಕಾಣಲ್ಲ ಅಂತ ಬಾಗಿಲಿಗೆ ಬಂದು ವಾಚ್ ನೋಡ್ತಾ ನಿಂತ್ರು, 60 ಸೆಕೆಂಡ್. ಶುಗರ್ ಪ್ಯಾಡ್ ಹಾಗೇ ಇತ್ತು. ಪಕ್ಕದ ಅಲ್ಬುಮಿನ್ ಪ್ಯಾಡ್ ಹಳದಿ ಇದ್ದಿದ್ದು ನಿಧಾನಕ್ಕೆ ಹಸಿರಿಗೆ ತಿರುಗ್ತು. ಬಾಟ್ಲಿ ಮೇಲಿನ ಬಣ್ಣಕ್ಕೆ ಹಿಡಿದು ಎರಡೆರಡು ಸಲ ನೋಡಿದ್ರು. ಎರಡು ಪ್ಲಸ್. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದ್ರೂ ಬಿಪಿ 150/100. "ತಲೆನೋವಿದ್ಯಾ, ಕಣ್ಣು ಮಂಜಾಗತ್ತಾ, ಹೊಟ್ಟೆ ಮೇಲ್ಭಾಗ ನೋಯತ್ತಾ" ಅಂತ ಕೇಳ್ತಾ ಕೇಳ್ತಾನೇ 108ಕ್ಕೆ ಫೋನ್ ಮಾಡಿದ್ರು. ಊರಲ್ಲಿ ಬಸುರಿ ನಂಜು ಅಂತಾರಲ್ಲ, ಅದೇ ಇದು. ಕಿಡ್ನಿ ಸೋಸೋ ಜಾಗ ಹಾಳಾಗಿ ಪ್ರೋಟೀನ್ ಮೂತ್ರದಲ್ಲಿ ಸೋರಕ್ಕೆ ಶುರು ಆಗತ್ತೆ, ಬಿಟ್ರೆ ಫಿಟ್ಸ್ ಬಂದು ತಾಯಿ ಮಗು ಇಬ್ರ ಜೀವಕ್ಕೂ ಕುತ್ತು.

ನಂಗೆ ಇವತ್ತಿಗೂ ಹೊಟ್ಟೆ ಉರಿಯೋದು ಇದಕ್ಕೆ, ಹಿಂದಿನ ತಿಂಗಳು ಬೇರೆ ಊರಲ್ಲಿ ಚೆಕಪ್‌ಗೆ ಹೋಗಿದ್ದಾಗ ಯೂರಿನ್ ಕೇಳ್ಲೇ ಇಲ್ಲ, ಆದ್ರೂ ತಾಯಿ ಕಾರ್ಡಲ್ಲಿ ಅಲ್ಬುಮಿನ್ 'ನಿಲ್' ಅಂತ ಬರೆದಿತ್ತು. ಮಾಡದೇ ಇದ್ರೆ ಖಾಲಿ ಬಿಡ್ಬೇಕಿತ್ತು, ಖಾಲಿ ಜಾಗ ಕಂಡ್ರೆ ಮುಂದಿನವರಾದ್ರೂ ಕೇಳ್ತಾರೆ.

ಅಡ್ಮಿಟ್ ಮಾಡಿ ಬಿಪಿ ಮಾತ್ರೆ ಕೊಟ್ರು, 37ನೇ ವಾರಕ್ಕೆ ಹೆರಿಗೆ ಮಾಡಿಸಿದ್ರು. ಮಗಳಿಗೀಗ ನಾಲ್ಕು ವರ್ಷ.

ಮೊನ್ನೆ ತಂಗಿ ಫೋನ್ ಮಾಡಿದ್ಲು, ಅವಳಿಗೀಗ ಆರು ತಿಂಗಳು. ಯೂರಿನ್ ನೋಡಿದ್ರಾ ಅಂತ ಮೊದ್ಲು ಅದನ್ನೇ ಕೇಳಿದೆ. ಸ್ಟ್ರಿಪ್ ಖಾಲಿಯಾಗಿತ್ತಂತೆ. ಅದೇ ಸಿಸ್ಟರ್ ಹಳೇ ಕಾಲದ ಹಾಗೆ ಗಾಜಿನ ಟ್ಯೂಬ್ ಮುಕ್ಕಾಲು ತುಂಬಿಸಿ, ಸ್ಪಿರಿಟ್ ದೀಪ ಹಚ್ಚಿ ಮೇಲ್ಭಾಗ ಮಾತ್ರ ಕುದಿಸಿದ್ರಂತೆ. ಬೆಳ್ಳಗೆ ಮೋಡದ ಹಾಗೆ ಕಟ್ಕೊಂಡಾಗ ಇವಳ ಎದೆ ಧಸಕ್ ಅಂತಂತೆ. ಆಮೇಲೆ ಅಸಿಟಿಕ್ ಆಸಿಡ್ ಎರಡು ಮೂರು ಹನಿ ಬಿಟ್ರಂತೆ, ಅಲ್ಬುಮಿನ್ ಆದ್ರೆ ಆ ಬಿಳುಪು ಹೋಗಲ್ಲ, ಬರೀ ಫಾಸ್ಫೇಟ್ ಅನ್ನೋ ಲವಣ ಆದ್ರೆ ಕರಗತ್ತೆ.

"ಪೂರ್ತಿ ತಿಳಿಯಾಯ್ತು ಅಕ್ಕಾ" ಅಂದ್ಲು.