ಉಡಿ ತುಂಬ್ತಾರೆ, ಹೊಲದ ಪಾಲು ಕೊಡಲ್ಲ

ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಸಾಕು, ಗದ್ದೆ ತುಂಬ ಹೆಣ್ಣುಮಕ್ಕಳು. ನಾಟಿ ಮಾಡೋರು ಅವರು, ಕಳೆ ತೆಗೆಯೋರು ಅವರು, ಹತ್ತಿ ಬಿಡಿಸೋರೂ ಅವರೇ. ಆದರೆ ಬ್ಯಾಂಕಿನಲ್ಲಿ ಬೆಳೆ ಸಾಲ ಕೇಳಿದರೆ ಪಹಣಿ ತನ್ನಿ ಅಂತಾರೆ. ಅದರಲ್ಲಿ ಹೆಸರು ಅಪ್ಪಂದು, ಗಂಡಂದು, ಇಲ್ಲಾಂದ್ರೆ ಅಣ್ಣಂದು.

ಕಾನೂನು ಇಲ್ಲ ಅಂತಲ್ಲ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತ್ತು, ಅದಕ್ಕಿಂತ ಮೊದಲು ಮದುವೆಯಾದವರನ್ನು ಮಾತ್ರ ಬಿಟ್ಟಿತ್ತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು, ಮದುವೆಯಾದವರಿಗೂ ಹಕ್ಕು ಸಿಕ್ಕಿತು. ಅಪ್ಪ ಆಗ ಬದುಕಿದ್ದರೋ ಇಲ್ಲವೋ ಅನ್ನೋದು ಮುಖ್ಯವಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಹಾಗಾದ್ರೆ ಪಾಲು ಎಲ್ಲಿ ಹೋಗುತ್ತೆ? ಹಕ್ಕು ಬಿಡುಗಡೆ ಪತ್ರದಲ್ಲಿ, ಅಂದ್ರೆ ನನ್ನ ಪಾಲು ಬಿಟ್ಟುಕೊಟ್ಟೆ ಅಂತ ಬರೆದುಕೊಡೋ ಪತ್ರದಲ್ಲಿ.

ನಮ್ಮ ಸೋದರತ್ತೆ ಸಹಿ ಹಾಕಿದ ದಿನ ನಾನು ಜೊತೆಗಿದ್ದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೋ ತೆಗೆದರು, ಹೆಬ್ಬೆಟ್ಟು ಒತ್ತಿಸಿಕೊಂಡರು. ಪತ್ರದಲ್ಲಿ ಏನಿದೆ ಅಂತ ಯಾರೂ ಓದಿ ಹೇಳಲಿಲ್ಲ. ಹೊರಗೆ ಬಂದು ಒಗ್ಗರಣೆ ಮಿರ್ಚಿ ತಿಂದೆವು. ಸಂಜೆ ಹೊಸ ಸೀರೆ, ಕುಬಸದ ಕಣ, ಕೊಬ್ಬರಿ ಬಟ್ಟಲು, ಉತ್ತತ್ತಿ ಇಟ್ಟು ಉಡಿ ತುಂಬಿ ಬಸ್ಸು ಹತ್ತಿಸಿದರು. ಅತ್ತೆ ಖುಷಿಯಾಗೇ ಹೋದಳು.

ನನಗೆ ಸಿಟ್ಟು ಬರೋದು ಇಲ್ಲೇ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಆಸ್ತಿ ಕೇಳಿದರೆ ತವರು ಮುಗೀತು ಅನ್ನೋದು ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದವಳು ಅವಳು. ಪಂಚಮಿಗೆ ಕರೆಯೋಕೆ ಬರೋನು ಅಣ್ಣ, ನಾಳೆ ಗಂಡ ಮನೆಯಿಂದ ಹೊರಗೆ ಹಾಕಿದರೆ ಹೋಗಿ ನಿಲ್ಲೋಕೆ ಇರೋ ಬಾಗಿಲು ಅಣ್ಣನದು ಒಂದೇ. ಅದನ್ನು ಉಳಿಸಿಕೊಳ್ಳೋಕೆ ಹೊಲ ಬಿಡ್ತಾಳೆ, ಹೊಲ ಇಲ್ಲ ಅಂತಲೇ ಆ ಬಾಗಿಲು ಬಿಟ್ಟರೆ ಬೇರೆ ಗತಿ ಇರಲ್ಲ. ಇದನ್ನು ಸುಮ್ನೆ ಪ್ರೀತಿ ಅಂತ ಹೇಗೆ ಒಪ್ಪಿಕೊಳ್ಳೋದು?

ವರದಕ್ಷಿಣೆ ಕೊಟ್ಟಿದ್ದೀವಲ್ಲ ಅಂತ ಹಿರಿಯರು ವಾದ ಮಾಡ್ತಾರೆ. ಕೊಟ್ಟಿದ್ದು ಗಂಡನ ಮನೆಗೆ, ಮಗಳಿಗಲ್ಲ ಅಲ್ವಾ?

ಸಹಿಗೆ ಕರೆ ಬಂದ ಅಕ್ಕತಂಗಿಯರೇ, ಅವತ್ತೇ ಹೊರಡಬೇಡಿ. ಪತ್ರದ ನಕಲು ಕೇಳಿ, ನಂಬಿಕೆ ಇರೋ ವಕೀಲರಿಂದ ಓದಿಸಿ. ನೋಂದಣಿ ಆದ ಬಿಡುಗಡೆ ಪತ್ರವನ್ನು ರದ್ದು ಮಾಡಿಸೋಕೆ ಕೋರ್ಟಿಗೆ ಅಲೆಯಬೇಕಾಗುತ್ತೆ. ಅಣ್ಣತಮ್ಮಂದಿರೇ, ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸೋ ಫೌತಿ ಖಾತೆಗೆ ವಂಶವೃಕ್ಷ ಮಾಡಿಸುವಾಗ ಅಕ್ಕತಂಗಿಯರ ಹೆಸರು ಬಿಡದೆ ಬರೆಸಿ, ಪಾಲು ಬೇಕಾ ಅಂತ ಕೇಳೋಕೆ ಹೋಗಬೇಡಿ, ಅವರ ಎಕರೆ ಎಷ್ಟು ಅಂತ ನೀವೇ ಹೇಳಿ.